ಹಳೆ ಯುದ್ಧಗಳ ಬೆನ್ನು ಹತ್ತಿ

ಎಂಬತ್ತರ ದಶಕದಲ್ಲಿ ನಾನು ಆಳಂದದ ಒಂದು ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದೆ. ಹಳ್ಳಿ ಹಳ್ಳಿ ತಿರುಗಿ ವೀರಗಲ್ಲು, ಕತ್ತಿ, ತೋಪಿನ ಗುಂಡು ಸಿಕ್ಕರೆ ತರುವುದು, ಬಂದವರಿಗೆ ಹಳೆಯ ರಣರಂಗಗಳನ್ನು ತೋರಿಸುವುದು ನನ್ನ ಕೆಲಸ. ಹೊಡೆದಾಡಿದವರು ಎಂದೋ ಮಣ್ಣಾಗಿದ್ದರು; ಅವರ ಹೆಸರಿನಲ್ಲಿ ನಾನು ಪೇಚಿಗೆ ಬೀಳುವುದು ಮಾತ್ರ ನಿಲ್ಲಲಿಲ್ಲ.

ಯಾರ ಕುದುರಿ?

ಅಫಜಲಪುರದ ಕಡೆ ಭೀಮಾ ದಂಡೆಯ ಒಂದು ಹೊಲದಲ್ಲಿ ಹಿಂದೆ ಯುದ್ಧ ನಡೆದಿತ್ತೆಂದು ಹಿರಿಯರು ಹೇಳುತ್ತಿದ್ದರು. ಅದನ್ನು ನೋಡಲು ಬೆಂಗಳೂರಿನ ಪ್ರೊಫೆಸರೊಬ್ಬರು ಬಂದರು. ಬದುವಿನ ಮೇಲೆ ನಿಂತು, ಎದೆಯೆತ್ತರ ಜೋಳದ ಕಡೆ ಕೈ ಚಾಚಿ, "ನೋಡಿ, ಸುಲ್ತಾನರ ಕುದುರೆಗಳು ಇದೇ ಹೊಲವನ್ನು ತುಳಿದುಕೊಂಡು ಹೋದವು!" ಎಂದು ಆವೇಶದಿಂದ ಕೂಗಿದರು.

ಜೋಳದ ನಡುವಿನಿಂದ ಹೊಲದ ಗೌಡರು ಕುಡಗೋಲು ಹಿಡಿದು ಎದ್ದು ಬಂದರು.

"ಯಾವ ಸುಲ್ತಾನ್ರೀ? ಬಸ್‌ಸ್ಟ್ಯಾಂಡಿನ ಟಾಂಗಾ ಸುಲ್ತಾನನೇನು? ನಿನ್ನೇನೇ ಹೇಳೀನಿ ಅವನಿಗೆ, ಕುದುರಿ ಕಟ್ಟಿ ಹಾಕಪಾ ಅಂತ!"

ಅದು ನೂರಾರು ವರ್ಷದ ಹಿಂದಿನ ಮಾತೆಂದು ತಿಳಿಹೇಳುವಷ್ಟರಲ್ಲಿ ಗೌಡರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ಒಗೆಯುವ ಕಲ್ಲು

ನೆಲೋಗಿಯ ಒಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಆಕಳ ಕೊಂಬಿನಂಥದೇನೋ ಕಂಡಿತು. ಹೊರಳಿಸಿದರೆ ವೀರಗಲ್ಲು! ಕೆಳಗೆ ದನ, ನಡುವೆ ಕತ್ತಿ ಹಿರಿದ ವೀರ. ಆ ಮನೆಯ ಮುದುಕಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು.

"ಯವ್ವಾ, ಈತ ಸಾಮಾನ್ಯನಲ್ಲ. ಕಳ್ಳರು ಊರ ದನ ಹೊಡ್ಕೊಂಡು ಹೋಗುವಾಗ ಅಡ್ಡ ನಿಂತು ಜೀವಾ ಕೊಟ್ಟಾನ," ಎಂದೆ.

ಮುದುಕಿ ವೀರನನ್ನು ಒಮ್ಮೆ ದಿಟ್ಟಿಸಿದಳು.

"ಹೋದ ದೀಪಾವಳಿಗೆ ಇದೇ ಹಿತ್ತಲದಾಗಿಂದ ನನ್ನ ಎಮ್ಮಿ ಕಳುವಾತು. ಇವ ಇಲ್ಲೇ ಬಿದ್ದಿದ್ದ! ಒಯ್ಯಪಾ, ಒಯ್ಯಿ. ಬದಲಿಗೆ ಒಂದ ಸಾದಾ ಕಲ್ಲ ತಂದ ಹಾಕು. ಅದರಾಗ ಯಾರೂ ಮಲ್ಕೊಂಡಿರಬಾರ್ದು ನೋಡು!"

ಗುಂಡು

ಖಜೂರಿಯಲ್ಲಿ ಬಾವಿ ತೋಡುವಾಗ ಸಿಕ್ಕ ತೋಪಿನ ಗುಂಡನ್ನು ಚೀಲದಲ್ಲಿ ಹಾಕಿಕೊಂಡು ಒಂದು ಲಾರಿ ಹತ್ತಿದೆ. ಚೆಕ್‌ಪೋಸ್ಟಿನಲ್ಲಿ ಪೇದೆ ಚೀಲ ತಡವಿದ.

"ಏನಿದು?"

"ತೋಪಿನ ಗುಂಡ್ರಿ."

ಪೇದೆ ಹಿಂದಕ್ಕೆ ಜಿಗಿದ. "ಹಾರ್ತದೇನು?"

ಲಾರಿ ಓಡಿಸುವ ಸಾಬರು ತಮಾಷೆಯ ಮನುಷ್ಯ. "ಹಂಗೇ ಹ್ಯಾಂಗ ಹಾರ್ತದ ಸಾಬ್? ತೋಪ್ ಬೇಕಲ್ಲ. ಅದು ಹಿಂದಿನ ಲಾರ್ಯಾಗ ಬರಾಕತ್ತದ," ಎಂದರು.

ಹಿಂದಿನ ಲಾರಿಯಲ್ಲಿ ಬಾಳೆಹಣ್ಣಿತ್ತು. ಅದರ ಹಿಂದಿನದರಲ್ಲಿ ಉಳ್ಳಾಗಡ್ಡಿ. ಎಲ್ಲ ಇಳಿಸಿ ತೋಪು ಹುಡುಕಿ ಮುಗಿಯುವವರೆಗೆ ನಾವಿಬ್ಬರೂ ಗಿಡದ ಕೆಳಗೆ ಕೂತಿದ್ದೆವು.

ಬೊಂಬೆ

ಒಮ್ಮೆ ಮ್ಯೂಸಿಯಂ ನೋಡಲು ಮೇಲಧಿಕಾರಿ ಬರುವವರಿದ್ದರು. ಅವರು ಮೆಚ್ಚದಿದ್ದರೆ ಬೀಗ ಬೀಳುವ ಮಾತಿತ್ತು. ಬೀಗ ಬೀಳಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿದ್ದ ಬೆಲೆಬಾಳುವ ವಸ್ತುವೆಂದರೆ ಹಳೆಯ ಸೈನಿಕನೊಬ್ಬನ ಸರಪಳಿ ಅಂಗಿ ಮತ್ತು ಶಿರಸ್ತ್ರಾಣ. ಅದನ್ನು ತೊಡಿಸಿದ್ದ ಕಟ್ಟಿಗೆಯ ಬೊಂಬೆ ಅವತ್ತೇ ಮುಂಜಾನೆ ಗೆದ್ದಲು ತಿಂದು ಮುರಿದು ಬಿದ್ದಿತ್ತು. ನಾನು ತಲೆ ಮೇಲೆ ಕೈಹೊತ್ತು ಕೂತೆ. ನಮ್ಮ ಕಾವಲುಗಾರ ಧೈರ್ಯ ಹೇಳಿದ: "ಚಿಂತಿ ಮಾಡಬ್ಯಾಡ್ರಿ. ಸಾಹೇಬ್ರು ಹೋಗೂತನಕ ನಾನೇ ಹಾಕ್ಕೊಂಡು ನಿಂದರ್ತೇನಿ."

ಅವನ ಮುಖದ ಮೇಲೆ ಶಿರಸ್ತ್ರಾಣದ ಸರಪಳಿ ಪರದೆ ಇಳಿಬಿಟ್ಟು, ಕೈಗೆ ಈಟಿ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದೆ. ಮಿಸುಕಲಿಲ್ಲ ಪುಣ್ಯಾತ್ಮ.

ಸಾಹೇಬರು ಸುತ್ತು ಹಾಕಿ ನೋಡಿದರು. "ಭಾಳ ಛಲೋ ಮಾಡ್ಯಾರ್ರಿ ಬೊಂಬಿ. ಆದ್ರ ಹೊಟ್ಟಿ ನೋಡ್ರಿ! ಯುದ್ಧ ಮಾಡಾಂವಗ ಇಷ್ಟು ಹೊಟ್ಟಿ ಇರ್ತದೇನು? ಬಡಿಗ್ಯಾನ ಕರ್ಸಿ ಅರ್ಧ ಕೆತ್ತಸ್ರಿ."

"ಆಗಲ್ರಿ, ನಾಳೇನೇ ಕೆತ್ತಸ್ತೇನಿ," ಎಂದೆ.

ಈಟಿ ಠಣ್ಣೆಂದು ನೆಲಕ್ಕೆ ಬಿತ್ತು. ಸೈನಿಕ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡ.

"ಬಡಿಗ್ಯಾನ ಕರೀಬ್ಯಾಡ್ರಿ ಸಾಹೇಬ್ರ! ಇವತ್ತಿಂದಲೇ ಎರಡ ರೊಟ್ಟಿ ಕಮ್ಮಿ ತಿಂತೇನಿ!"