ತಲೆಯಿಲ್ಲದ ನವಿಲಿನ ವಾಡೆ

ಬಾಯಿ ಸುಮ್ಮನಿದ್ದಿದ್ದರೆ ಕೊಟ್ಟೂರಪ್ಪನ ಮರ್ಯಾದೆಯೂ ಸುಮ್ಮನೆ ಮನೆಯಲ್ಲಿ ಕೂತಿರುತ್ತಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಗ್ಗ ಮಾರಿಕೊಂಡು ಬಾಡಿಗೆ ಮನೆಯಲ್ಲಿದ್ದ ಮನುಷ್ಯ. ಮಗಳು ನಾಗಮ್ಮನನ್ನು ಮಗನಿಗೆ ನೋಡಲು ಸಿರುಗುಪ್ಪದಿಂದ ಬಂದ ಗವಿಸಿದ್ದಪ್ಪ ತನ್ನ ಅಕ್ಕಿ ಗಿರಣಿ, ಭತ್ತದ ಗದ್ದೆಗಳ ಮಾತು ತೆಗೆದಾಗ ಇವನಿಗೆ ತನ್ನ ಹಗ್ಗದ ಅಂಗಡಿ ನೆನೆದು ನಾಚಿಕೆಯಾಯಿತು.

"ನಮ್ದೂ ಕುರುಗೋಡಿನ್ಯಾಗ ಮುತ್ತಜ್ಜನ ಕಾಲದ ದೊಡ್ಡ ವಾಡೆಮನಿ ಐತ್ರಿ. ಈಗ ಹಾಳು ಬಿದ್ದೈತಿ" ಎಂದುಬಿಟ್ಟ. ಕುರುಗೋಡಿನಲ್ಲಿ ಅವನಿಗೆ ಇದ್ದದ್ದು ಒಬ್ಬ ಗಿರಾಕಿ ಮಾತ್ರ.

ಹುಡುಗ ಹುಡುಗಿ ಒಪ್ಪಿದ್ದರು. ನಾಗಮ್ಮನಂತೂ ಅಂದಿನಿಂದ ರೊಟ್ಟಿ ಬಡಿಯುತ್ತಲೂ ಒಬ್ಬಳೇ ನಗುತ್ತಿದ್ದಳು. ಅಷ್ಟರಲ್ಲಿ ಗವಿಸಿದ್ದಪ್ಪ ಹೇಳಿಕಳಿಸಿದ: "ಸೋಮಾರ ಸಂಜಿಗೆ ಅವ್ವನ್ನ ಕರಕೊಂಡು ಮಾತು ಮುಗಸಾಕ ಬರ್ತೀವಿ. ನಿಮ್ಮ ವಾಡೇದ ಒಂದು ಫೋಟೋ ತೆಗಿಸಿಡ್ರಿ. ಅವ್ವ ನೋಡಬೇಕಂತಾಳ."

ಸೋಮವಾರ ಬೆಳಿಗ್ಗೆ ಕೊಟ್ಟೂರಪ್ಪ ಓಣಿಯ ಫೋಟೋದ ಸುಂಕಣ್ಣನನ್ನು ಕರೆದುಕೊಂಡು ಕುರುಗೋಡಿನ ಬಸ್ಸು ಹತ್ತಿದ. ಅಲ್ಲಿ ಪಾಳುಮನೆಗಳಿಗೇನು ಬರವೇ? ಅಕ್ಕಪಕ್ಕದಲ್ಲೇ ಎರಡು ಸಿಕ್ಕವು. ಒಂದು ಮಟ್ಟಸವಾದದ್ದು. ಇನ್ನೊಂದಕ್ಕೆ ದೊಡ್ಡ ಬಾಗಿಲು, ಅದರ ಮೇಲೊಂದು ಕಲ್ಲಿನ ನವಿಲು.

"ಪಕ್ಕದ್ದು ತೆಗೀಲೇನು ಮಾವ? ಬೆಳಕು ಚಲೋ ಐತಿ" ಎಂದ ಸುಂಕಣ್ಣ.

"ನವಿಲಿಂದೇ ಬೇಕು. ನವಿಲಿದ್ರ ವಾಡೆ, ಇಲ್ಲಂದ್ರ ಗೋದಾಮು."

"ಅದಕ್ಕ ತಲಿನ ಇಲ್ಲ."

"ತಲಿ ಏನು ಮಾಡ್ತಿ, ಗತ್ತು ನೋಡು."

ಹೊಸ ರುಮಾಲು ಸುತ್ತಿ, ಎದೆ ಉಬ್ಬಿಸಿ ನಿಂತ. ಒಳಗಿನಿಂದ ಆಡು ಹೊಡೆದುಕೊಂಡು ಪಕ್ಕೀರಮ್ಮ ಎಂಬ ಮುದುಕಿ ಬಂದು, ಯಾರು ನೀನು ಎಂದು ಕೇಳಿದಳು.

"ಈ ಮನಿ ವಾರಸದಾರ."

"ಸಿಕ್ಕಿ ನೋಡು. ನಿನ್ನ ಗ್ವಾಡಿ ಬಿದ್ದು ನನ್ನ ಆಡಿನ ಕಾಲು ಮುರದೈತಿ. ಕಟ್ಟು ಈಗ."

ವಾರಸದಾರ ರುಮಾಲಿನ ತುದಿ ಹರಿದು, ನಡುಬೀದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಆಡಿನ ಕಾಲು ಕಟ್ಟಿದ. ನೋಡಲು ಅರ್ಧ ಓಣಿಯೇ ನೆರೆದಿತ್ತು. ಫೋಟೋದಲ್ಲಿ ಹರಕು ರುಮಾಲೇ ಬಿತ್ತು.

ಸುಂಕಣ್ಣ ಮಧ್ಯಾಹ್ನದೊಳಗೆ ಫೋಟೋ ತೊಳೆದ. ಕೊಡುವ ಮೊದಲು ಬ್ರೂಸ್‌ಪೇಟೆಗೆಲ್ಲ ತೋರಿಸಿದ. ಸಂಜೆ ಬೀಗರು ಬರುವ ಹೊತ್ತಿಗೆ ಕೊಟ್ಟೂರಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರಿಗಿಂತ ಮುಂದೆ ಪಕ್ಕದ ಮನೆ ವಿರೂಪಮ್ಮ.

"ನನಗ ಮೊದಲಿಂದ ಗೊತ್ತಿತ್ತು ಬಿಡ್ರಿ. ಇವರ ಮುತ್ತಜ್ಜನ ಬಾಗಲಾಗ ಕುದುರಿ ಕಟ್ಟತಿದ್ರಂತ" ಎಂದು ಬೀಗರಿಗೆ ಹೇಳಿದಳು. ಕೊಟ್ಟೂರಪ್ಪ ನೆಲ ನೋಡಿದ, ಆದರೆ ಇಲ್ಲ ಅನ್ನಲಿಲ್ಲ.

ಗವಿಸಿದ್ದಪ್ಪನ ತಾಯಿ ಚನ್ನವೀರಮ್ಮ ಚಾಳೀಸಿನ ಕನ್ನಡಕ ಏರಿಸಿ ಫೋಟೋ ಹಿಡಿದಳು. ಬೆರಳು ನವಿಲಿನ ಮೇಲೆ ನಿಂತಿತು. ಮುದುಕಿಯ ಕಣ್ಣಲ್ಲಿ ನೀರು ಬಂತು.

"ಕುರುಗೋಡು ಅಂದಾಗ ನನಗ ಅನುಮಾನ ಬಂತು. ಅದಕ್ಕ ಫೋಟೋ ಕೇಳಿದೆ. ನಮ್ಮ ಮಾವನೋರು ಹೇಳ್ತಿದ್ರು, ಇಬ್ರು ಅಣ್ತಮ್ಮರಿಗೆ ಪಾಲಾಗಿ ಈ ನವಿಲಿನ ಮನಿ ತಮ್ಮಗ ಹೋತಂತ. ಅಣ್ಣ ಸಿಟ್ಟಿಗೆ ಕಲ್ಲೊಗದು ನವಿಲಿನ ತಲಿ ಹಾರಿಸಿ, ಸಿರುಗುಪ್ಪಕ್ಕ ಬಂದು ನಿಂತನಂತ. ನಿಮ್ಮ ಮನ್ಯಾಗೂ ಹೇಳ್ತಿದ್ರೇನಪ್ಪಾ?"

"ಹೌದ್ರಿ ಅವ್ವಾರ" ಎಂದ ಕೊಟ್ಟೂರಪ್ಪ, ಮಾತು ಕೈಗೂಡಿದ ಖುಷಿಯಲ್ಲಿ. "ನಮ್ಮಜ್ಜ ಇದನ್ನ ಹೇಳಿ ಹೇಳಿ ಅಳತಿದ್ದ."

ಗವಿಸಿದ್ದಪ್ಪ ಎದ್ದು ಬಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ.

"ಆ ಅಣ್ಣನ ವಂಶ ನಾವು. ನೀನು ನನಗ ತಮ್ಮ ಆಗಬೇಕು. ಇವತ್ತು ಈ ಫೋಟೋ ನೋಡದಿದ್ರ ಅಣ್ಣ ತಂಗಿಗೆ ಅಕ್ಕಿಕಾಳು ಹಾಕ್ತಿದ್ವಲ್ಲೋ."

ಒಳಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ನಾಗಮ್ಮನ ಮುಖ ಬಿಳುಪೇರಿತು. ಅಲ್ಲಿತನಕ ಅವಳನ್ನೇ ಕದ್ದು ನೋಡುತ್ತಿದ್ದ ಹುಡುಗ ತಲೆ ತಗ್ಗಿಸಿದ. ಕೊಟ್ಟೂರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಡೀ ಓಣಿ ನೋಡುತ್ತಿತ್ತು. ಆದರೂ ಮಗಳ ಮುಖ ನೋಡಿ ಕೈಮುಗಿದ.

"ಅದು ನಮ್ಮ ವಾಡೆ ಅಲ್ರಿ. ಯಾರ ಮನಿನೋ ಏನೋ. ನಾ ಸುಳ್ಳು ಹೇಳಿದೆ. ನಮಗ ಯಾವ ವಾಡೇನೂ ಇಲ್ರಿ."

ಚನ್ನವೀರಮ್ಮ ಅವನ ತಲೆ ನೇವರಿಸಿದಳು.

"ಮಗಳ ಮ್ಯಾಲಿನ ಆಸಿಗೆ ಹಿರೇರ ಮನಿನೇ ನಮ್ಮದಲ್ಲ ಅಂತಿಯಲ್ಲಪ್ಪಾ."

"ಅದಾ ನಾನೂ ಅಂತೀನಿ" ಎಂದಳು ವಿರೂಪಮ್ಮ. "ಇವರದಾ ವಾಡೆ. ಬೇಕಾದ್ರ ಆಣಿ ಮಾಡ್ತೀನಿ."

ಹುಡುಗ ಬಂದು "ಕಾಕಾ" ಎಂದು ಕೊಟ್ಟೂರಪ್ಪನ ಕಾಲಿಗೆ ಬಿದ್ದ. ಗವಿಸಿದ್ದಪ್ಪ ಫೋಟೋ ಕಟ್ಟು ಹಾಕಿಸಲು ಇಸಿದುಕೊಂಡು, ಮಗನಿಗೆ ಬೇರೆ ಹೆಣ್ಣು ನೋಡಲು ತಮ್ಮನೂ ಜೊತೆಗೆ ಬರಲೇಬೇಕೆಂದು ಹೇಳಿ ಹೊರಟ.

ಮಂದಿ ಕರಗಿದ ಮೇಲೆ ಕೊಟ್ಟೂರಪ್ಪ ಮಗಳ ಕಡೆ ನೋಡಲಾರದೆ ಹರಕು ರುಮಾಲು ಮಡಚುತ್ತ ಕೂತ. ನಾಗಮ್ಮ ಯಾರೂ ಮುಟ್ಟದ ಉಪ್ಪಿಟ್ಟಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

"ಅಪ್ಪಾ" ಎಂದಳು ಮೆಲ್ಲಗೆ, "ಸುಂಕಣ್ಣ ಹೇಳಿದಂಗ ಆ ನವಿಲಿನ ಪಕ್ಕದ ಮನಿ ಮುಂದ ನಿಂತಿದ್ರ ಆಗತಿರಲಿಲ್ಲೇನು?"