ದೊಡ್ಡಪ್ಪನ ಲಾರಿಯ ಕೆಮ್ಮು

ನಮ್ಮ ದೊಡ್ಡಪ್ಪನಿಗೆ ಮನೆಯವರ ಕಾಯಿಲೆ ಯಾವುದೂ ಅರ್ಥವಾಗುತ್ತಿರಲಿಲ್ಲ. ಲಾರಿಯ ಕಾಯಿಲೆ ಮಾತ್ರ ಒಂದೇ ಸೀನಿಗೆ ಗೊತ್ತಾಗಿಬಿಡುತ್ತಿತ್ತು! ನಾನು ಜ್ವರದಲ್ಲಿ ನಡುಗುತ್ತಾ ಮಲಗಿದ್ದರೆ "ಗಾಳೀಲಿ ಓಡಾಡು, ಸರಿಹೋಗ್ತೀಯ" ಎನ್ನುವವರು, ಅಂಗಳದಲ್ಲಿ ಲಾರಿ ಕೊಂಚ ಗೊರಗುಟ್ಟಿದರೆ ಅನ್ನ ಬಿಟ್ಟು ಓಡುತ್ತಿದ್ದರು. ಇಂಥವರ ಜೊತೆ ಸಂಸಾರ ಮಾಡಿದ ದೊಡ್ಡಮ್ಮನಿಗೆ ಏನು ಬಹುಮಾನ ಕೊಡಬೇಕು, ನೀವೇ ಹೇಳಿ.

ಅದು ತೊಂಬತ್ತರ ದಶಕದ ಕೊನೆ. ದೊಡ್ಡನೆಕ್ಕುಂದಿಯ ನಮ್ಮ ಹೊಲಗಳಲ್ಲಿ ಫ್ಯಾಕ್ಟರಿಗಳೆದ್ದಿದ್ದವು. ಎತ್ತುಗಳನ್ನು ಮಾರಿ ದೊಡ್ಡಪ್ಪ ಕೊಂಡಿದ್ದ ಲಾರಿ, ಕಲ್ಯಾಣ ನಗರಕ್ಕೆ ಇಟ್ಟಿಗೆ ಹೊತ್ತು ಹೊತ್ತು ಮುದಿಯಾಗಿತ್ತು. ಕಿಲೋಮೀಟರಿನ ಅಂಕಿಗಳು ಪೂರ್ತಿ ತಿರುಗಿ ಮತ್ತೆ ಸೊನ್ನೆಯಿಂದ ಶುರುವಾಗಿದ್ದವು. ಯಾರಾದರೂ ಮೂಗು ಮುರಿದರೆ "ಮೀಟರ್ ನೋಡ್ರೀ, ಹೊಸಾ ಗಾಡಿ!" ಎನ್ನುತ್ತಿದ್ದರು.

ಒಮ್ಮೆ ಹಲಸೂರಿನಲ್ಲಿ ಮದುವೆ ಊಟ. ಬೀದಿಯಲ್ಲಿ ಯಾರದೋ ಲಾರಿ ನೀಲಿ ಹೊಗೆ ಬಿಡುತ್ತಾ ಹೋಯಿತು. ದೊಡ್ಡಪ್ಪ ಎಲೆ ಬಿಟ್ಟು ಓಡಿ ಅದನ್ನು ನಿಲ್ಲಿಸಿ, ತಮ್ಮ ಬಿಳಿ ಶಲ್ಯವನ್ನು ಸೈಲೆನ್ಸರಿಗೆ ಹಿಡಿದು, ಅಂಟಿದ ಜಿಡ್ಡನ್ನು ಡ್ರೈವರಿಗೆ ತೋರಿಸಿದರು. "ನಿನ್ ಗಾಡಿ ಆಯಿಲ್ ಕುಡೀತಿದೆ ಗುರು!"

"ಯಾರ್ರೀ ನೀವು?" ಎಂದನಂತೆ ಡ್ರೈವರ್.

"ಹೆಣ್ಣಿನ ಕಡೆಯೋರು!"

ಇಂಥ ಧನ್ವಂತರಿಯ ಲಾರಿಯೇ ಒಂದು ದಿನ ಕುಂಟತೊಡಗಿತು. ಕೆ.ಆರ್. ಪುರದ ಏರಿನಲ್ಲಿ ಉಸಿರಾಡಲಾರದೆ ನಡುಗಿ, ಹಿಂದೆ ಬಂದವರ ಮುಖಕ್ಕೆಲ್ಲ ಮಸಿ ಬಳಿಯಿತು. ಶಿವಾಜಿನಗರದ ಮೆಕ್ಯಾನಿಕ್ ಭಾಯ್ ಎಂಜಿನ್ನಿಗೆ ಕಿವಿಗೊಟ್ಟು ತಲೆಯಾಡಿಸಿದರು. "ಎಂಜಿನ್ ಪೂರಾ ಖಲಾಸ್, ಯಜಮಾನ್ರೇ. ಗುಜರೀಗೆ ಹಾಕ್ಬಿಡಿ."

ದೊಡ್ಡಪ್ಪನ ಮಗ ಕಾಯುತ್ತಿದ್ದದ್ದೇ ಇದಕ್ಕೆ. "ಸೋಮವಾರ ಹೊಗೆ ಪರೀಕ್ಷೆ ಇದೆ. ಫೇಲಾದ್ರೆ ಅವತ್ತೇ ಗುಜರಿ, ಆಯ್ತಾ ಅಪ್ಪ?"

ದೊಡ್ಡಪ್ಪ ಎದ್ದು ಹೋಗಿ ಲಾರಿಯ ಬಾನೆಟ್ ಸವರಿದರು. ಹೊಲ ಹೋದ ಮೇಲೆ, ಬೆಳಿಗ್ಗೆ ಎದ್ದರೆ ಅವರಿಗಾಗಿ ಕಾಯುತ್ತಿದ್ದದ್ದು ಆ ಲಾರಿಯೊಂದೇ. ಅದು ಹೋದರೆ ಜಗುಲಿಯಲ್ಲಿ ಕೂತು ಮಾಡುವುದಾದರೂ ಏನು?

ಭಾನುವಾರ ಬೆಳಿಗ್ಗೆ ನಾವೆಲ್ಲ ಅಂಗಳದಲ್ಲಿ ಸೇರಿದೆವು. ದೊಡ್ಡಪ್ಪ ಲಾರಿ ಸ್ಟಾರ್ಟ್ ಮಾಡಿ ಸೈಲೆನ್ಸರಿಗೆ ಶಲ್ಯ ಹಿಡಿದರು. ಒಣ ಮಸಿ ಮೆತ್ತಿತ್ತು, ಜಿಡ್ಡಿರಲಿಲ್ಲ. "ಚೆಂಬಲ್ಲಿ ನೀರು ತಾರೇ!" ಎಂದು ಕೂಗಿದರು. ದೊಡ್ಡಮ್ಮ ತಂದುಕೊಟ್ಟರು. ಒಂದೊಂದು ಸಿಲಿಂಡರಿನಿಂದ ಹೊಗೆ ಹೊರಬರುವ ಕೊಳವೆಯ ಮೇಲೂ, ದೋಸೆ ಕಾವಲಿಗೆ ಚಿಮುಕಿಸುವಂತೆ ನೀರು ಚಿಮುಕಿಸಿದರು. ಯಾವುದು ಕೆಲಸಗಳ್ಳನೋ ಅದು ತಣ್ಣಗಿರಬೇಕು. ಎಲ್ಲವೂ ಚುಂಯ್ ಎಂದವು!

"ಎಂಜಿನ್ ಗಟ್ಟಿಮುಟ್ಟಾಗಿದೆ! ಉಸಿರು ಕಟ್ಟಿದೆ ಅಷ್ಟೆ!" ಎನ್ನುತ್ತಾ ಕ್ಯಾಬಿನ್ ಹಿಂದೆ, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ಕೈ ಹಾಕಿದರು. ಅದರ ಬಾಯಿಗೆ ಬಿಗಿಯಾಗಿ ಸುತ್ತಿದ್ದ ಕರಿಬಟ್ಟೆಯೊಂದು ಹೊರಬಂತು. ಮರುಗಳಿಗೆಯೇ ಲಾರಿ ಹದಿನೆಂಟರ ಹುಡುಗನಂತೆ ಗರ್ಜಿಸಿತು. ಹೊಗೆ ತಿಳಿಯಾಯಿತು. ನಾವು ಶಿಳ್ಳೆ ಹೊಡೆದೆವು!

"ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?" ಎಂದ ಮಗ.

ದೊಡ್ಡಪ್ಪ ಬಟ್ಟೆಯನ್ನೊಮ್ಮೆ ತಿರುವಿ ನೋಡಿ ಜೇಬಿಗೆ ತುರುಕಿದರು. "ನಾನೇ ಕಣೋ. ಧೂಳು ಹೋಗ್ಬಾರ್ದು ಅಂತ. ನಂದೇ ತಪ್ಪು."

ಜನ್ಮದಲ್ಲಿ ತಪ್ಪೊಪ್ಪಿಕೊಳ್ಳದ ಮನುಷ್ಯ! ನಾವು ಹೊಟ್ಟೆ ಹಿಡಿದು ನಕ್ಕೆವು. "ರೋಗ ತಂದೋರೂ ಇವರೇ, ಡಾಕ್ಟರೂ ಇವರೇ!" ಎಂದು ಮಗ ಊರಿಗೆಲ್ಲ ಸಾರಿದ. ದೊಡ್ಡಪ್ಪನೂ ನಕ್ಕರು.

ಸೋಮವಾರ ಲಾರಿ ಸಲೀಸಾಗಿ ಪಾಸಾಯಿತು. ಸ್ಟೇರಿಂಗಿಗೆ ಮಲ್ಲಿಗೆ ಹಾರ ಸುತ್ತಿ, ದಾರಿಯುದ್ದಕ್ಕೂ ಹಾರ್ನ್ ಬಾರಿಸುತ್ತಾ ದೊಡ್ಡಪ್ಪ ಶಿವಾಜಿನಗರದ ಭಾಯ್ ಅಂಗಡಿ ಮುಂದೆ ಮೂರು ಸುತ್ತು ಹೊಡೆದರು. ಕ್ಯಾಬಿನ್ನಿನಲ್ಲಿ ಅವರಿಗೂ ದೊಡ್ಡಮ್ಮನಿಗೂ ನಡುವೆ ನಾನು. ಗೆದ್ದ ಸಡಗರದಲ್ಲಿ ದೊಡ್ಡಮ್ಮ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ವಾಪಸ್ ಬರುತ್ತಾ ಕೆ.ಆರ್. ಪುರದ ಏರು ಹತ್ತುವಾಗ ಮೆಲ್ಲಗೆ ಬಾಯಿಬಿಟ್ಟರು.

"ನೀವ್ಯಾಕ್ರೀ ಹಂಗಂದ್ರಿ? ಅದು ನನ್ ಹಳೇ ಸೀರೆ ತುಂಡು. ಲಾರಿ ಮೇಲೆ ಎಲ್ಲಾರ ಕಣ್ಣು ಬೀಳ್ತಿತ್ತು, ದೃಷ್ಟಿ ಆಗ್ದೇ ಇರ್ಲಿ ಅಂತ ನಾನೇ ಕಟ್ಟಿದ್ದು."

ದೊಡ್ಡಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಗೇರ್ ಬದಲಾಯಿಸಿದರು.

"ಗೊತ್ತು ಕಣೇ. ಇನ್ಮೇಲೆ ಬಂಪರ್‌ಗೆ ಕಟ್ಟು."