ಗಡಿಯಾರದು ಡಾಟ್ ಕಾಮ್

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಒತ್ತಕ್ಷರ. ಅದನ್ನು ಮುಳ್ಳಪ್ಪ ತಾನಾಗಿ ಬಿಟ್ಟವನಲ್ಲ, ಗೊತ್ತಪ್ಪ ಬಿಡಿಸಿದ್ದು.

ಮುಳ್ಳಪ್ಪ ಗಡಿಯಾರ ರಿಪೇರಿಯವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಬೆಳಗಿನಿಂದ ಸಂಜೆಯವರೆಗೆ ಚಿಮಟದಲ್ಲಿ ಗಡಿಯಾರದ ಮುಳ್ಳು ಹಿಡಿದು ಕೂತಿರುತ್ತಾನೆಂದು ಬೀದಿಯವರೇ ಈ ಹೆಸರು ಅಂಟಿಸಿದ್ದರು. ಗೊತ್ತಪ್ಪ ಪಕ್ಕದ ಝೆರಾಕ್ಸ್ ಅಂಗಡಿಯವನು. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಇದ್ದರೆ ಅದು ಅವನಿಗೆ ಗೊತ್ತಿಲ್ಲ.

ಊರ ನಡುವಿನ ಗೋಪುರದ ಗಡಿಯಾರ ನಿಂತು ಮೂರು ವರ್ಷವಾಗಿತ್ತು. ನಲವತ್ತು ವರ್ಷ ಅದಕ್ಕೆ ಕೀಲಿ ಕೊಟ್ಟವನು ಮುಳ್ಳಪ್ಪನ ಅಪ್ಪ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೂರಾ ಹತ್ತು ಮೆಟ್ಟಿಲು ಏರಿದ ಮುಳ್ಳಪ್ಪನಿಗೆ ಆ ಗಡಿಯಾರ ಒಡಹುಟ್ಟಿದ ಅಣ್ಣನಿದ್ದ ಹಾಗೆ. ಈಗ ಹಳೆ ಊರು, ಹೊಸ ಬಡಾವಣೆ ಎರಡೂ ಕಚೇರಿಯವರು ಸೇರಿ ಅದರ ರಿಪೇರಿಗೆ ಅರ್ಜಿ ಕರೆದಿದ್ದರು. ಅದು ತನ್ನ ಕೈಯಲ್ಲೇ ಮತ್ತೆ ನಡೆಯಬೇಕು ಎನ್ನುವುದೊಂದೇ ಅವನ ಆಸೆ. ಆದರೆ ಪ್ರಕಟಣೆಯ ಕೊನೆಗೆ ಒಂದು ಷರತ್ತು ಬಾಲ ಅಲ್ಲಾಡಿಸುತ್ತಿತ್ತು: ಅರ್ಜಿದಾರರಿಗೆ ಸ್ವಂತ ಹೆಸರಿನ ವೆಬ್ ವಿಳಾಸ ಇರತಕ್ಕದ್ದು, ಪುಕ್ಕಟೆ ಪುಟಗಳನ್ನು ಪರಿಗಣಿಸಲಾಗುವುದಿಲ್ಲ. ಅರ್ಜಿ ಕಳಿಸಲು ಇವತ್ತೇ ಕೊನೆಯ ದಿನ, ಅಧಿಕಾರಿಗಳು ಅಂಗಡಿಗೆ ಬರುವುದೂ ಇವತ್ತೇ ಸಂಜೆ ನಾಲ್ಕಕ್ಕೆ.

ಮುಳ್ಳಪ್ಪನಿಗೆ ಪುಟವೇನೋ ಇತ್ತು. ಆದರೆ ಪುಕ್ಕಟೆಯದು. ಅದರ ವಿಳಾಸದಲ್ಲಿ ಯಾವುದೋ ಕಂಪನಿಯ ಹೆಸರು ಮುಂದೆ ಎದೆಯುಬ್ಬಿಸಿ ನಿಂತಿತ್ತು, ಇವನ ಹೆಸರು ಹಿಂದೆಲ್ಲೋ ತಡಕಾಡಿದರೆ ಸಿಗುತ್ತಿತ್ತು.

"ಇದು ಬಾಡಿಗೆ ಮನೆ ಕಣಯ್ಯ," ಎಂದ ಗೊತ್ತಪ್ಪ, ಬೆಳಿಗ್ಗೆ ಒಂಬತ್ತಕ್ಕೇ ಕಂಪ್ಯೂಟರ್ ಮುಂದೆ ಕೂತು. "ಸ್ವಂತ ಹೆಸರೊಂದು ನೋಂದಾಯಿಸಿ, ಅದನ್ನ ಇದೇ ಪುಟಕ್ಕೆ ಜೋಡಿಸಿಬಿಟ್ರೆ ಆಯ್ತು. ಮನೆ ಅದೇ, ಬಾಗಿಲ ಮೇಲಿನ ಹಲಗೆ ಮಾತ್ರ ನಿಂದು."

'ಗಡಿಯಾರ' ಎಂದು ಹುಡುಕಿದರು. ಅದನ್ನು ಮುಖ್ಯರಸ್ತೆಯ ಷೋರೂಮಿನವನು ಆಗಲೇ ಹಿಡಿದುಕೊಂಡಿದ್ದ. ಗೋಪುರಕ್ಕೆ ಅರ್ಜಿ ಹಾಕಿದ ಇನ್ನೊಬ್ಬನೂ ಅವನೇ. ಗಡಿಯಾರ ಮಾರಲು ಬಲ್ಲ, ಬಿಚ್ಚಲು ಬಾರದು. 'ಮುಳ್ಳಪ್ಪ' ಎಂದು ನೋಡಿದರೆ ಅದು ಬೇಲಿಯ ತಂತಿ ಮಾರುವವನೊಬ್ಬನ ಪಾಲಾಗಿತ್ತು.

"ತಲೆ ಕೆಡಿಸ್ಕೋಬೇಡ," ಎಂದ ಗೊತ್ತಪ್ಪ. "ಜನ ಏನಂತ ಕೇಳ್ತಾರೆ? ಗಡಿಯಾರದ್ದು ಕೆಲಸ ಯಾರು ಮಾಡ್ತಾರೆ ಅಂತ ತಾನೆ? 'ಗಡಿಯಾರದ್ದು' ಅಂತಲೇ ಇಟ್ಬಿಡು."

"ಚೆನ್ನಾಗಿದೆಯಲ್ಲ."

"ಒತ್ತು ಬೇಡ. ಹೆಸರು ಚಿಕ್ಕದಾದಷ್ಟೂ ನೆನಪಲ್ಲಿ ಉಳಿಯುತ್ತೆ. ನಂಗೊತ್ತು."

ಹೀಗೆ ಗಡಿಯಾರದು ಡಾಟ್ ಕಾಮ್ ಒಂದು ವರ್ಷಕ್ಕೆ ಮುಳ್ಳಪ್ಪನ ಸ್ವಂತವಾಯಿತು. ಪುಟದ ತಲೆಯ ಮೇಲೆ ಅದೇ ಹೆಸರು ದಪ್ಪ ಅಕ್ಷರದಲ್ಲಿ ಕೂತಿತು. ಕೆಳಗೆ ಮುಳ್ಳಪ್ಪ ತಾನೇ ಯೋಚಿಸಿ ಹೇಳಿ ಬರೆಸಿದ ಸಾಲುಗಳು: 'ತಲೆಮಾರಿನಿಂದ ನಿಂತುಹೋಗಿದ್ದರೂ ಚಿಂತೆಯಿಲ್ಲ. ಒಳಹೊರಗು ನೋಡಿ, ಸರಿಯಾಗಿ ಅಳೆದು, ಅದೇ ದಿನ ಸರಿಮಾಡಿ ಕೊಡಲಾಗುವುದು.' ಗಡಿಯಾರದ ಫೋಟೋ ಮಾತ್ರ ಯಾಕೋ ಹತ್ತಲಿಲ್ಲ. "ಮಧ್ಯಾಹ್ನ ಹಾಕಿದ್ರಾಯ್ತು ಬಿಡು," ಎಂದ ಗೊತ್ತಪ್ಪ, ವಿಳಾಸವನ್ನು ಅರ್ಜಿಯಲ್ಲಿ ತುಂಬಿ ಕಳಿಸಿ, ತನ್ನ ಫೋನಿನ ಇಪ್ಪತ್ತಾರು ಗುಂಪುಗಳಿಗೂ ಹಂಚಿದ. ಮುಳ್ಳಪ್ಪ ಅಂಗಡಿಗೆ ಮರಳಿ, ಮೇಜು ಒರೆಸಿ, ಇಸ್ತ್ರಿ ಅಂಗಿ ತೊಟ್ಟು, ಗೋಪುರ ಆಗಲೇ ತನ್ನದಾದಷ್ಟು ಧೈರ್ಯದಿಂದ ಕೂತ.

ಹನ್ನೊಂದಕ್ಕೆ ಒಬ್ಬ ಹೆಂಗಸು ಬಂದರು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ನಿವೃತ್ತಿಯಾದದ್ದು ಕೆಲಸ, ದನಿಯಲ್ಲ.

"ನಿಮ್ಮ ಪುಟ ನೋಡ್ಕೊಂಡು ಬಂದೆ. ಇಪ್ಪತ್ತು ವರ್ಷದಿಂದ ನಿಂತಿದೆ. ಆಗುತ್ತಾ?"

"ಯಾಕಾಗಲ್ಲ ಮೇಡಂ? ಯಾರಾದ್ರೂ ಕೈ ಹಾಕಿದ್ರಾ?"

"ಹಾಕ್ದೆ ಬಿಡ್ತಾರಾ? ಪಕ್ಕದ ಮನೆಯವರು ಒಂದು ಅಡಿ ಸರಿಸಿಬಿಟ್ಟಿದ್ದಾರೆ."

ಮುಳ್ಳಪ್ಪ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. "ಒಂದಡಿ ಅಂದ್ರೆ... ಒಟ್ಟು ಎಷ್ಟು ದೊಡ್ಡದು ಮೇಡಂ?"

"ನಲವತ್ತು ಅಡಿ ಉದ್ದ."

ಅಬ್ಬ, ಗೋಪುರದ್ದಕ್ಕಿಂತ ದೊಡ್ಡ ಗಡಿಯಾರ ಈ ಊರಲ್ಲಿ ಯಾರ ಮನೆಯಲ್ಲಿದೆ ಎಂದು ಮುಳ್ಳಪ್ಪ ಬೆರಗಾದ. ಆದರೂ ಕಸುಬುದಾರನ ಗತ್ತು ಬಿಡಲಿಲ್ಲ. "ಮುಳ್ಳು ಸರಿಯಾಗಿದೆಯಾ?"

"ಮುಳ್ಳಿಗೇನು ಕಡಿಮೆ? ಉದ್ದಕ್ಕೂ ಮುಳ್ಳೇ. ಮೊನ್ನೆ ನನ್ನ ಸೀರೆ ಹರೀತು."

ಅಷ್ಟರಲ್ಲಿ ಆ ಪಕ್ಕದ ಮನೆಯವರೇ ಬಂದರು. ಬೇಕರಿಯವರು, ಕೈಯಲ್ಲಿ ಇನ್ನೂ ಹಿಟ್ಟು. "ಇವರ ಮಾತು ಕೇಳ್ಬೇಡಿ ಸಾರ್, ಬೇಲಿ ಸರಿಸಿದ್ದು ನಾನಲ್ಲ," ಎಂದು ಫೋನನ್ನು ಮುಳ್ಳಪ್ಪನ ಮೂಗಿಗೆ ಹಿಡಿದರು. "ನೀವೇ ಹಾಕಿದೀರಲ್ಲ, ಗಡಿ ಯಾರದು ಅಂತ ತೀರ್ಮಾನ ಮಾಡ್ತೀವಿ ಅಂತ."

ಫೋನಿನ ಪರದೆ ಕಿರಿದು. ದಪ್ಪ ಅಕ್ಷರದ ಹೆಸರು ಒಂದೇ ಸಾಲಿನಲ್ಲಿ ಹಿಡಿಸದೆ ನಡುವೆ ಮುರಿದಿತ್ತು. ಮೇಲಿನ ಸಾಲಿನಲ್ಲಿ 'ಗಡಿ'. ಕೆಳಗಿನ ಸಾಲಿನಲ್ಲಿ 'ಯಾರದು'. ಅದರ ಕೆಳಗೆ ತಾನೇ ಬರೆಸಿದ ಸಾಲುಗಳನ್ನು ಓದಿಕೊಂಡ ಮುಳ್ಳಪ್ಪ ಗೊತ್ತಪ್ಪನ ಅಂಗಡಿಗೆ ಓಡಿದ.

"ಹೆಸರು ಬದಲಾಯಿಸು ಮಾರಾಯ, ಜನ ಬೇಲಿ ಜಗಳ ಹೊತ್ಕೊಂಡು ಬರ್ತಿದ್ದಾರೆ."

"ಇಟ್ಟ ಹೆಸರು ಬದಲಾಗಲ್ಲ, ಹೊಸದು ತಗೋಬೇಕು. ತಗೊಂಡ್ರೂ ಏನು ಬಂತು? ಅರ್ಜಿಯಲ್ಲಿ ಇದನ್ನೇ ಬರೆದು ಕಳಿಸಿಯಾಗಿದೆ. ನಾಲ್ಕು ಗಂಟೆವರೆಗೆ ಇದೇ ಗತಿ," ಎಂದ ಗೊತ್ತಪ್ಪ. ಮುಖದಲ್ಲಿ ಪಶ್ಚಾತ್ತಾಪದ ಸುಳಿವಿಲ್ಲ. "ಫೋಟೋ ಹತ್ತಿಸ್ತೀನಿ, ನೀನು ಹೋಗಿ ಸುಧಾರಿಸು."

ಮರಳಿ ಬಂದರೆ ಅಂಗಡಿಯಲ್ಲಿ ಬೇಕರಿಯವರೂ ಹೆಡ್‌ಮಿಸ್ಟ್ರೆಸ್ಸೂ ಬಿಚ್ಚಿಟ್ಟ ಗಡಿಯಾರಗಳ ಮೇಲೆ ಕೈ ಬೀಸಿ ಜಗಳವಾಡುತ್ತಿದ್ದರು. ಒಂದು ಸ್ಪ್ರಿಂಗು ಹಾರಿ ಹಿಟ್ಟಿನ ಕೈಗೆ ಅಂಟಿತು. ಮುಳ್ಳಪ್ಪನ ತಾಳ್ಮೆ ಅಲ್ಲಿಗೆ ತೀರಿತು.

"ಸ್ವಲ್ಪ ಬಾಯಿ ಮುಚ್ತೀರಾ ಇಬ್ಬರೂ?" ಎಂದು ಹಲ್ಲಿನ ಚಕ್ರಗಳೆರಡನ್ನು ಎತ್ತಿ ತೋರಿಸಿದ. "ಇದನ್ನ ನೋಡಿ. ಎರಡರ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ರೆ ಎರಡೂ ತಿರುಗುತ್ತೆ. ಬಿಡದೆ ಒತ್ತಿದ್ರೆ ಎರಡೂ ನಿಲ್ಲುತ್ತೆ. ನೀವು ಅರ್ಧ ಅಡಿ ಬಿಡಿ, ಅವರು ಅರ್ಧ ಅಡಿ ಬಿಡಲಿ, ನಡುವೆ ಹಾದಿ ಮಾಡ್ಕೊಂಡು ಓಡಾಡಿ. ಈಗ ಮೊದಲು ನನ್ನ ಸ್ಪ್ರಿಂಗ್ ಕೊಡಿ."

"ಇಷ್ಟು ಸುಲಭಾನಾ?" ಎಂದರು ಹೆಡ್‌ಮಿಸ್ಟ್ರೆಸ್ಸು. ಬೇಕರಿಯವರು ಸ್ಪ್ರಿಂಗ್ ಒರೆಸಿ ಕೊಟ್ಟು, "ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ಬೈದು ಹೇಳಿರಲಿಲ್ಲ ಸಾರ್," ಎಂದು ಕೈ ಮುಗಿದರು.

ಸುದ್ದಿಗೆ ಕಾಲು ಬಂತು. ಒಂದು ಗಂಟೆಯೊಳಗೆ ಒಂದೇ ಜಗುಲಿಗೆ ಹೊಡೆದಾಡುವ ಅಣ್ಣತಮ್ಮಂದಿರು, ಕಾರು ನಿಲ್ಲಿಸುವ ಜಾಗಕ್ಕೆ ಮಾತು ಬಿಟ್ಟ ಗೆಳೆಯರು, ಹಂಚಿಕೊಂಡ ಮನೆಯಲ್ಲಿ ಕಿಟಕಿ ಯಾರ ಕಡೆಗೆ ಎಂದು ಕೇಳುವ ಅತ್ತಿಗೆ ನಾದಿನಿಯರು ಸಾಲುಗಟ್ಟಿದರು. ಗೊತ್ತಪ್ಪ ಚೀಟಿ ಹರಿದು ಸರದಿ ನಂಬರು ಕೊಡತೊಡಗಿದ. ಫೋಟೋ ಹತ್ತಿಸುವುದು ಅವನಿಗೆ ಮರೆತೇಹೋಯಿತು. ಮುಳ್ಳಪ್ಪನೂ ಮನುಷ್ಯನೇ ತಾನೆ? ಮೂರನೆಯ ಜಗಳ ಬಗೆಹರಿಯುವ ಹೊತ್ತಿಗೆ ಕಾಲ ಮೇಲೆ ಕಾಲು ಬಂದಿತ್ತು, ಮಾತಿನ ನಡುವೆ "ನೋಡಿ ಇವರೇ" ಎನ್ನುವುದು ಸೇರಿತ್ತು. ಹಿಂದಿನ ಮನೆಯಿಂದ ಚಹಾ ತಂದ ಹೆಂಡತಿ, "ಏನ್ರೀ, ಊರವರ ಗೋಡೆ ಎಲ್ಲ ಸರಿಮಾಡ್ತಿದೀರಿ, ನಮ್ಮ ಬಚ್ಚಲ ಗೋಡೆ ಯಾವಾಗ?" ಎಂದಳು. ಮುಳ್ಳಪ್ಪ ಅವಳಿಗೂ ನಂಬರು ತೆಗೆದುಕೊಳ್ಳಲು ಹೇಳಿ ಬೈಸಿಕೊಂಡ.

ನಾಲ್ಕಕ್ಕೆ ಅಧಿಕಾರಿಗಳು ಬಂದರು. ಹಳೆ ಊರಿನ ಕಚೇರಿಯಿಂದ ದಪ್ಪ ಕನ್ನಡಕದವರೊಬ್ಬರು, ಹೊಸ ಬಡಾವಣೆಯ ಕಚೇರಿಯಿಂದ ಕೈತುಂಬ ಫೈಲು ಹಿಡಿದ ಮೇಡಂ. ಸರದಿಯವರನ್ನು ಹೊರಗೆ ಕಳಿಸಿ ಮುಳ್ಳಪ್ಪ ಎದ್ದು ನಿಂತ.

"ಸಾರ್, ಹೆಸರಿಂದ ಒಂಚೂರು ಗೊಂದಲ ಆಗಿದೆ. ನಾನು ನಿಜವಾಗಿ..."

"ಗೊಂದಲ ಇರೋದು ನಮ್ಮಲ್ಲಿ," ಎಂದರು ಕನ್ನಡಕದವರು. "ಗಡಿಯಾರ ರಿಪೇರಿಗೆ ಜನಕ್ಕೇನೂ ಬರ ಇಲ್ಲ. ಆದೇಶಕ್ಕೆ ಸಹಿ ಹಾಕೋರು ಯಾರು ಅನ್ನೋದೇ ಮೂರು ವರ್ಷದಿಂದ ಜಗಳ. ಗೋಪುರ ನಮ್ಮ ಗಡಿಯಲ್ಲಿದೆ ಅಂತ ನಾವು."

"ನಮ್ಮದರಲ್ಲಿದೆ ಅಂತ ನಾವು," ಎಂದರು ಫೈಲಿನ ಮೇಡಂ. "ನೀವು ಬೆಳಗ್ಗೆಯಿಂದ ಆರು ಜಗಳ ಬಗೆಹರಿಸಿದೀರಂತೆ. ಇದೊಂದನ್ನೂ ಹೇಳಿಬಿಡಿ. ಇವತ್ತೇ ಆದೇಶ ಬರೀತೀವಿ."

ಮುಳ್ಳಪ್ಪನ ಮುಖ ಅರಳಿತು. ಇಷ್ಟೇ ತಾನೆ? ಗಡಿ ಹೇಳುವುದು, ಆದೇಶ ಪಡೆಯುವುದು, ಮೆಟ್ಟಿಲು ಏರುವುದು. ಅಳತೆ ಪಟ್ಟಿ ಹಿಡಿದು ಮುಂದೆ ನಡೆದ, ಅಧಿಕಾರಿಗಳು, ಗೊತ್ತಪ್ಪ, ಸರದಿಯವರು ಎಲ್ಲ ಹಿಂದೆ ನಡೆದರು. ಎರಡು ಗಡಿಕಲ್ಲಿನ ನಡುವೆ ದಾರ ಎಳೆದು ಅಳೆದ. ಗೋಪುರ ಪೂರ್ತಿ ಹಳೆ ಊರಿನ ಕಡೆಗಿತ್ತು, ಅದರ ನೆರಳು ಮಾತ್ರ ಸಂಜೆ ಹೊತ್ತು ಬಡಾವಣೆಗೆ ಹೋಗುತ್ತಿತ್ತು. ಹಾಗೆಂದೇ ಬರೆದು ಸಹಿ ಹಾಕಿದ. ಇಬ್ಬರು ಅಧಿಕಾರಿಗಳೂ ಒಪ್ಪಿ ಕೆಳಗೆ ಸಹಿ ಮಾಡಿದರು.

"ಹಾಗಾದ್ರೆ ನಾಳೆಯಿಂದಲೇ ಶುರು ಮಾಡ್ತೀನಿ ಸಾರ್," ಎಂದ ಮುಳ್ಳಪ್ಪ.

"ಏನನ್ನ?"

"ಗಡಿಯಾರದ್ದು ಕೆಲಸ."

ಕನ್ನಡಕದವರು ಸಂಕಟದಿಂದ ಮೇಡಂ ಕಡೆ ನೋಡಿದರು. ಮೇಡಂ ಫೈಲು ತೆರೆದರು. "ಗಡಿ ತೀರ್ಮಾನ ಮಾಡಿದವರು ಅದೇ ಜಾಗದಲ್ಲಿ ಗುತ್ತಿಗೆ ತಗೊಳ್ಳೋ ಹಾಗಿಲ್ಲ. ನಿಯಮ ಇದೆ. ಕೆಲಸ ಸಿಗಲಿ ಅಂತ ಗಡಿ ಹೇಳಿದ್ರು ಅಂತಾರೆ ನಾಳೆ ಜನ. ಉಳಿದಿರೋದು ಷೋರೂಮಿನವರ ಅರ್ಜಿ ಒಂದೇ."

ಮುಳ್ಳಪ್ಪ ಕಾಗದದತ್ತ ಕೈ ಚಾಚಿದ. "ನಾನು ತೀರ್ಪುಗಾರ ಅಲ್ಲ ಮೇಡಂ. ಗಡಿಯಾರದವನು. ಒಂದು ಒತ್ತು ಬಿಟ್ಟು ಹೀಗಾಯ್ತು. ಆ ಕಾಗದ ಹರಿದುಬಿಡಿ."

"ಹರೀಬಹುದು," ಎಂದರು ಕನ್ನಡಕದವರು ಮೆಲ್ಲಗೆ. "ಆದ್ರೆ ಹರಿದ್ರೆ ಗೋಪುರ ಮತ್ತೆ ಯಾರದೂ ಅಲ್ಲ. ಯಾರೂ ಸಹಿ ಹಾಕಲ್ಲ. ಗಡಿಯಾರ ಹೀಗೇ ನಿಂತಿರುತ್ತೆ. ಹೇಳಿ, ಹರೀಲಾ?"

ಮುಳ್ಳಪ್ಪ ತಲೆ ಎತ್ತಿದ. ಮೇಲೆ ಎರಡು ಮುಳ್ಳುಗಳೂ ಆರೂವರೆಗೆ ಜೋತುಬಿದ್ದು ಕೂತಿದ್ದವು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ ಎಂದು ಅವನು ಯೋಚಿಸಬೇಕಾಗಿಯೇ ಇರಲಿಲ್ಲ.

"ಬೇಡ," ಎಂದ. "ನಡೀಲಿ ಬಿಡಿ."

ಆದೇಶ ಅಲ್ಲೇ ತಯಾರಾಯಿತು. ಸುದ್ದಿ ಕೇಳಿ ಓಡಿಬಂದ ಷೋರೂಮಿನವನು ಕಾಗದ ಜೇಬಿಗಿಳಿಸಿ, ಮುಳ್ಳಪ್ಪನ ಕೈ ಕುಲುಕಿ, "ಮುಳ್ಳಣ್ಣ, ಇದಕ್ಕೆ ಕೀಲಿ ಮೇಲಿಂದ ಕೊಡೋದಾ, ಕೆಳಗಿಂದಾನಾ?" ಎಂದು ಕೇಳಿದ. ಮುಳ್ಳಪ್ಪ ಅದನ್ನೂ ಹೇಳಿಕೊಟ್ಟ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಏನಾಯ್ತು ರೀ? ಗಡಿಯಾರ ಯಾರಿಗಾಯ್ತು?"

ಮುಳ್ಳಪ್ಪ ಅಳತೆ ಪಟ್ಟಿಯನ್ನು ಮೊಳೆಗೆ ತೂಗುಹಾಕಿ ಕೂತ.

"ಗಡಿ ನಂಗಾಯ್ತು ಕಣೆ," ಎಂದ. "ಗಡಿಯಾರ ಅವನಿಗಾಯ್ತು."